ಹಸಿರು ಚೀಟಿ ಅಂಟಿಸಿದ ಗಿಟಾರು

ನಮ್ಮ ಕಾರ್ಖಾನೆಯಲ್ಲಿ ಯಾರಿಗೂ ಹೆಸರಿಲ್ಲ. ಬೆಳಿಗ್ಗೆ ಹಾಜರಿ ಯಂತ್ರಕ್ಕೆ ಹೆಬ್ಬೆರಳು ಒತ್ತಿದಾಗ ಪರದೆಯ ಮೇಲೆ ಒಂದು ಹೆಸರು ಬಂದು ಮಾಯವಾಗುತ್ತದೆ, ಅಷ್ಟೆ. ಆಮೇಲೆ ಇಡೀ ದಿನ ಮಾಡುವ ಕೆಲಸವೇ ಹೆಸರು. ಸ್ಟೋರ್ಸ್ ಇವತ್ತು ರಜೆ, ಪೇಂಟಿಂಗಿಗೆ ಗಂಡು ಮಗು ಆಯಿತಂತೆ, ಟೂಲ್ ರೂಮ್ ಮಗಳ ಮದುವೆ ಭಾನುವಾರ. ಹೀಗೆ. ನಾನು ಟೆಸ್ಟಿಂಗ್. ಪೀಣ್ಯದ ಈ ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯಿಂದ ಹೊರಗೆ ಹೋಗುವ ಪ್ರತಿಯೊಂದರ ಮೇಲೂ ನನ್ನ ಸಹಿಯ ಹಸಿರು ಚೀಟಿ ಅಂಟಿರಬೇಕು. ಅದಿಲ್ಲದಿದ್ದರೆ ಗೇಟಿನವನು ಲಾರಿಯನ್ನು ಬಿಡುವುದಿಲ್ಲ.

ಹೋದ ತಿಂಗಳು ಊಟದ ಡಬ್ಬಿ ತೆರೆಯುತ್ತಿದ್ದೆ. ಸ್ಟೋರ್ಸ್ ಬಂದು ಬಾಗಿಲಲ್ಲೇ ನಿಂತು, "ಮೇಡಂ, ವೈಂಡಿಂಗ್ ಹೋಗ್ಬಿಟ್ರಂತೆ," ಎಂದರು.

ಈಗ ವೈಂಡಿಂಗ್ ವಿಭಾಗದಲ್ಲಿರುವವನು ನನ್ನ ಕಣ್ಣೆದುರಿಗೇ ಟೀ ಕುಡಿಯುತ್ತಿದ್ದ. ಹೋದವರು ಹಳೆಯ ವೈಂಡಿಂಗ್, ನಿವೃತ್ತರಾದವರು. ಅವರ ಹೆಸರನ್ನು ಇಲ್ಲಿಯೂ ಬರೆಯುವುದಿಲ್ಲ. ಬರೆದರೆ ಅದು ಯಾರದೋ ಕಥೆಯಂತೆ ನನಗೇ ಅನ್ನಿಸುತ್ತದೆ.

ಮನುಷ್ಯ ಸುಲಭದವರಾಗಿರಲಿಲ್ಲ. ಭಾನುವಾರ ತಪ್ಪದೆ ತಲೆಗೂ ಮೀಸೆಗೂ ಕಪ್ಪು ಬಳಿದುಕೊಂಡು, ಸೋಮವಾರ ಹಣೆಯ ಅಂಚಿನಲ್ಲೂ ಕಿವಿಯ ಮೇಲೂ ಒಂದಿಷ್ಟು ಕಪ್ಪು ಉಳಿಸಿಕೊಂಡು ಬರುತ್ತಿದ್ದರು. ಹಿಂದಿನ ಜೇಬಿನಲ್ಲಿ ಸದಾ ಒಂದು ಬಾಚಣಿಗೆ. ಟ್ರಾನ್ಸ್‌ಫಾರ್ಮರಿನ ಒಳಗೆ ಇರುವ ತಾಮ್ರದ ಸುತ್ತು ಸುತ್ತುವುದು ಅವರ ಕೆಲಸ. ಆ ಸುತ್ತು ಟೆಸ್ಟಿಂಗಿನಲ್ಲಿ ಫೇಲಾಯಿತೋ, ನನ್ನ ಮೀಟರಿನ ವಂಶವನ್ನೇ ಜಾಲಾಡುತ್ತಿದ್ದರು.

"ಟೆಸ್ಟಿಂಗೂ, ನಿಮ್ ಮೀಟ್ರಿಗೆ ಜ್ವರ ಬಂದದೆ. ಒಂದು ಮಾತ್ರೆ ಕೊಡ್ಸಿ."

"ಮೀಟರ್ ಸರಿಯಾಗೇ ಇದೆ. ನಿಮ್ಮ ಕಾಯಿಲ್ ಬಿಚ್ಚಿ ನೋಡಿ."

ಬಿಚ್ಚಿ ನೋಡಿದರೆ, ಸುತ್ತು ಸುತ್ತಿಗೆ ತಾಗದಂತೆ ನಡುವೆ ಇಡುವ ಕಾಗದ ಎಲ್ಲೋ ಸರಿದಿರುತ್ತಿತ್ತು. ಆಮೇಲೆ ಎರಡು ದಿನ ಮಾತಿಲ್ಲ. ನಾನು ಎದುರು ಬಂದರೆ ಬಾಚಣಿಗೆ ತೆಗೆದು ತಲೆ ಬಾಚಿಕೊಳ್ಳುತ್ತ ಗೋಡೆ ನೋಡುತ್ತಿದ್ದರು. ಮೂರನೆಯ ದಿನ ನನ್ನ ಟೀ ಲೋಟದ ಮೇಲೆ ಒಂದು ಬಿಸ್ಕತ್ತು ಕೂತಿರುತ್ತಿತ್ತು. ಅದೇ ರಾಜಿ. ಕಾರ್ಖಾನೆಯಲ್ಲಿ ನನ್ನನ್ನು ಒಳ್ಳೆಯವಳು ಎಂದು ಯಾರೂ ಕರೆದದ್ದಿಲ್ಲ, ನಾನು ಅದನ್ನು ಬಯಸಿದವಳೂ ಅಲ್ಲ. ಆದರೆ ನಾನು ಫೇಲ್ ಎಂದರೆ ಫೇಲ್, ಪಾಸ್ ಎಂದರೆ ಪಾಸ್ ಎಂಬ ನಂಬಿಕೆ ಎಲ್ಲರಿಗೂ ಇತ್ತು. ಜಗಳ ಆಡುತ್ತಲೇ ಹೆಚ್ಚು ನಂಬಿದವರು ಅವರು.

ಲಗ್ಗೆರೆಯ ಹಳೆಯ ಮನೆತನ ಅವರದು. ಲಗ್ಗೆರೆ ಇನ್ನೂ ಹಳ್ಳಿಯಾಗಿದ್ದ ಕಾಲದಿಂದಲೂ ಅಲ್ಲೇ ಇದ್ದವರು. ಕೊಟ್ಟಿಗೆ ಇದ್ದ ಜಾಗದಲ್ಲಿ ಬಾಡಿಗೆ ಮನೆಗಳು ಎದ್ದಿದ್ದವು, ಹಿತ್ತಲಿದ್ದ ಜಾಗದಲ್ಲಿ ಯಾರದೋ ಗ್ಯಾರೇಜು. ನಾನು ದಾವಣಗೆರೆ ಕಡೆಯಿಂದ ಬಂದು ನಾಗಸಂದ್ರದ ಅಪಾರ್ಟ್‌ಮೆಂಟಿನಲ್ಲಿ ಐದನೆಯ ಮಹಡಿಯ ಮೇಲೆ ಕೂತಿರುವವಳು. "ನಿಮ್ದು ಗಾಳೀಲಿರೋ ಮನೆ ಮೇಡಂ, ನಮ್ದು ನೆಲದ ಮೇಲಿರೋದು," ಎಂದು ಛೇಡಿಸುತ್ತಿದ್ದರು. ನೆಲ ಅವರ ಕೈಯಲ್ಲಿ ಎಷ್ಟು ಉಳಿದಿದೆ ಎಂದು ನಾನು ಕೇಳಲು ಹೋಗಲಿಲ್ಲ.

ಅವರ ಜಂಬಕ್ಕೆ ಮೂಲ ಬೇರೆಯೇ ಇತ್ತು. ಪ್ರಾಯದಲ್ಲಿ ಅವರು ಆರ್ಕೆಸ್ಟ್ರಾದಲ್ಲಿ ಗಿಟಾರು ನುಡಿಸುತ್ತಿದ್ದರು. ಹಗಲು ಪಕ್ಕದ ಕ್ರಾಸಿನ ಪ್ರೆಸ್ ಶಾಪಿನಲ್ಲಿ ತಗಡು ಒತ್ತುವುದು, ಗಣೇಶ ಕೂರಿಸುವ ಕಾಲಕ್ಕೂ ರಾಜ್ಯೋತ್ಸವದ ಕಾಲಕ್ಕೂ ಸಂಜೆ ಮಿರಿಮಿರಿ ಶರ್ಟು ಹಾಕಿಕೊಂಡು ವೇದಿಕೆ ಹತ್ತುವುದು. ಈ ಕಥೆಗಳನ್ನು ನಾವೆಲ್ಲ ಬೇಕಾದಷ್ಟು ಕೇಳಿದ್ದೆವು. ಪ್ರತಿಸಲವೂ ಜನ ಹೆಚ್ಚುತ್ತಿದ್ದರು, ಶರ್ಟಿನ ಬಣ್ಣ ಬದಲಾಗುತ್ತಿತ್ತು. ಒಂದು ಕಥೆಯನ್ನು ಮಾತ್ರ ಅವರು ಯಾರಿಗೂ ಹೇಳಿರಲಿಲ್ಲ. ಅದು ನನಗೆ ಗೊತ್ತಾದದ್ದು ಅವರ ಕಿವಿ ಕೆಟ್ಟ ಮೇಲೆ.

ವರ್ಷಕ್ಕೊಮ್ಮೆ ಕಾರ್ಖಾನೆಗೆ ಕಿವಿ ಪರೀಕ್ಷೆಯ ವ್ಯಾನು ಬರುತ್ತದೆ. ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, ಸದ್ದು ಕೇಳಿಸಿದಾಗಲೆಲ್ಲ ಬೆರಳೆತ್ತಿ ಎನ್ನುತ್ತಾರೆ. ವೈಂಡಿಂಗ್ ಪ್ರತಿವರ್ಷ ಸರಿಯಾದ ಹೊತ್ತಿಗೆ ಬೆರಳೆತ್ತಿ ನಗುತ್ತ ಹೊರಗೆ ಬರುತ್ತಿದ್ದರು. ಅದು ಹೇಗೆಂದರೆ, ಗಾಜಿನಾಚೆ ಗುಂಡಿ ಒತ್ತುವ ಹುಡುಗಿಯ ಭುಜ ಒಂದು ಚೂರು ಅಲುಗುತ್ತಿತ್ತಂತೆ, ಅದನ್ನೇ ನೋಡಿಕೊಂಡು ಕೂರುತ್ತಿದ್ದರಂತೆ. ಒಂದು ವರ್ಷ ಹುಡುಗಿಯ ಬದಲು ಕಲ್ಲಿನಂತೆ ಕೂರುವ ಒಬ್ಬ ಬಂದ. ಬಣ್ಣ ಬಯಲಾಯಿತು. ಪ್ರೆಸ್ ಶಾಪಿನ ಗದ್ದಲದ ವರ್ಷಗಳಲ್ಲೇ ಒಂದು ಕಿವಿ ಹೆಚ್ಚುಕಡಿಮೆ ಹೋಗಿತ್ತು. ಇನ್ನೊಂದು ಅದರ ಹಿಂದೆಯೇ ಹೊರಟಿತ್ತು.

ಆ ದಿನ ಅವರು ಟ್ರಾನ್ಸ್‌ಫಾರ್ಮರುಗಳನ್ನು ಕೂರಿಸಿ ಪರೀಕ್ಷಿಸುವ ನನ್ನ ಟೆಸ್ಟಿಂಗ್ ಕಟ್ಟೆಯ ಹತ್ತಿರ ಬಂದು ನಿಂತರು. ಬಾಚಣಿಗೆ ತೆಗೆಯಲಿಲ್ಲ.

"ಇನ್ನೊಂದೂ ಓಗ್ತದಂತೆ ಮೇಡಂ. ಒಂದೆಲ್ಡು ವರ್ಸ ಅಂದ್ರು. ಅಷ್ಟ್ರೊಳ್ಗೆ ನಾನೊಂದು ಗಿಟಾರ್ ಮಾಡ್ಬೇಕು."

"ಮಾಡೋದ್ಯಾಕೆ? ಕೊಂಡ್ಕೊಳ್ಳಿ. ಫೋನಲ್ಲಿ ಒತ್ತಿದ್ರೆ ನಾಳೆ ಮನೆಗೇ ಬರುತ್ತೆ."

ಆಗ ಹೇಳಿದರು. ಮದುವೆಯಾದ ಹೊಸತು. ಅವರ ಬಡಾವಣೆಯ ಆಟೋ ಸ್ಟ್ಯಾಂಡಿನ ಬಳಿಯ ರಾಜ್ಯೋತ್ಸವದ ವೇದಿಕೆ. ಗಿಟಾರು ಅವರದಲ್ಲ, ಆರ್ಕೆಸ್ಟ್ರಾ ಯಜಮಾನರದು. ಹಾಡಿನ ನಡುವೆ ಯಜಮಾನರ ಭಾಮೈದ ಊರಿನಿಂದ ಬಂದಿಳಿದ. ಯಜಮಾನರು ನೇರವಾಗಿ ವೇದಿಕೆ ಹತ್ತಿ, ಇವರ ಕತ್ತಿನಿಂದ ಗಿಟಾರನ್ನು ಪಟ್ಟಿಯ ಸಮೇತ ಬಿಚ್ಚಿ ಭಾಮೈದನ ಕತ್ತಿಗೆ ಹಾಕಿದರು. ವೇದಿಕೆಯಿಂದ ಇಳಿಯಲು ಮೆಟ್ಟಿಲು ಇದ್ದದ್ದು ಮುಂದುಗಡೆ. ಜನರ ಎದುರಿಗೇ ಇಳಿಯಬೇಕು. ಹಾಗಾಗಿ ಹಾಡು ಮುಗಿಯುವವರೆಗೆ ಬರಿಗೈಯಲ್ಲಿ ಅಲ್ಲೇ ನಿಂತಿದ್ದರಂತೆ.

"ಎಂಡ್ತಿ ಮುಂದ್ಗಡೆ ಸಾಲಲ್ಲಿ ಕೂತಿದ್ಲು. ಒಸಾ ಸೀರೆ ಉಟ್ಕೊಂಡು," ಎಂದರು. ಆಮೇಲೆ, "ಕೊಂಡಿದ್ದನ್ನ ಯಾರಾದ್ರೂ ಕಿತ್ಕೋಬೋದು ಮೇಡಂ. ನಾನೇ ಮಾಡಿದ್ದನ್ನ ಯಾರ್ ಕಿತ್ಕೋತಾರೆ?" ಎಂದರು.

ಅವರಿಗೆ ಬೇಕಾಗಿದ್ದದ್ದು ಇಷ್ಟೇ. ಕಿವಿ ಪೂರ್ತಿ ಮುಚ್ಚುವ ಮುಂಚೆ, ಅದೇ ವೇದಿಕೆಯ ಮೇಲೆ, ತಾವೇ ಮಾಡಿದ ಗಿಟಾರು ಹಿಡಿದು, ಹೆಂಡತಿಯ ಎದುರಿಗೆ ಒಂದು ಹಾಡು. ನನಗೆ ಅದು ಹುಚ್ಚುತನ ಅನ್ನಿಸಿತು, ಹಾಗೆಂದೇ ಹೇಳಿದೆ. ಎರಡು ದಿನ ಮಾತು ಬಿಟ್ಟರು.

ಹಳೆಯ ಮನೆ ಕೆಡವಿದಾಗ ಉಳಿದಿದ್ದ ಹಲಸಿನ ಹಲಗೆಯೊಂದನ್ನು ಅವರು ಮಂಚದ ಕೆಳಗೆ ಇಟ್ಟುಕೊಂಡಿದ್ದರು. "ವೀಣೆಗೂ ಅಲಸೇ ತಾನೆ," ಎಂದು ಅದನ್ನು ಹೊತ್ತು ತಂದರು. ಗಿಟಾರಿನ ಒಡಲಿಗೆ ಅದು ಸರಿಹೋಯಿತು. ಕತ್ತಿಗೆ ಬೇರೆ ಮರ ಬೇಕಾಯಿತು. ಮೊದಲು ಮಾಡಿದ ಕತ್ತು ಬೇಸಿಗೆಯಲ್ಲಿ ಸೊಟ್ಟಗಾಯಿತು, ಎರಡನೆಯದು ಮಳೆಗಾಲದಲ್ಲಿ ತಿರುಚಿಕೊಂಡಿತು. ಪ್ರತಿಸಲವೂ ಅವರು ಆ ಕತ್ತನ್ನು ತಂದು ನನ್ನ ಮೇಜಿನ ಮೇಲಿಟ್ಟು, ಹೆಣ ತೋರಿಸಿದಂತೆ ತೋರಿಸಿ ಹೋಗುತ್ತಿದ್ದರು. ಹೀಗೆ ಒಂದು ವರ್ಷ ಕಳೆಯಿತು. ಮರಕ್ಕೆ ಅವಸರವಿಲ್ಲ, ಕಿವಿಗೆ ಇತ್ತು.

ಅಷ್ಟರಲ್ಲಿ ಇಡೀ ಕಾರ್ಖಾನೆ ಅದರಲ್ಲಿ ಕೈ ಹಾಕಿತ್ತು. ಅವರೇನೂ ಕೇಳಿಕೊಳ್ಳಲಿಲ್ಲ. ನಮ್ಮವರಿಗೆ ಸುಮ್ಮನಿರುವುದು ಗೊತ್ತಿಲ್ಲ. ಟೂಲ್ ರೂಮ್, ಕತ್ತಿನ ಮೇಲೆ ಅಡ್ಡಕ್ಕೆ ಕೂರಿಸುವ ಸ್ವರದ ಪಟ್ಟಿಗಳನ್ನು ಕತ್ತರಿಸಿಕೊಟ್ಟರು. ಪೇಂಟಿಂಗ್, ಇವರು ಊಟಕ್ಕೆ ಹೋದಾಗ, ಪ್ರೀತಿಯಿಂದ ಅದಕ್ಕೆ ಬಣ್ಣ ಹೊಡೆದುಬಿಟ್ಟರು. ನಮ್ಮಲ್ಲಿ ಇರುವುದು ಒಂದೇ ಬಣ್ಣ, ಟ್ರಾನ್ಸ್‌ಫಾರ್ಮರಿಗೆ ಹೊಡೆಯುವ ಬೂದು. ಊಟ ಮುಗಿಸಿ ಬಂದವರು ಬೂದು ಬಣ್ಣದ ಗಿಟಾರನ್ನು ನೋಡಿ ಬಾಯಿ ತೆರೆದು ನಿಂತರು.

"ಏನ್ ಗುರು ಇದು, ಲೈಟ್ ಕಂಬಕ್ಕೆ ನೇತಾಕೋದಾ?"

"ಸಾರ್, ಮಳೆ ಬಿಸಿಲು ಏನ್ ಬಂದ್ರೂ ಇಪ್ಪತ್ತು ವರ್ಷ ಹೋಗಲ್ಲ ಈ ಪೇಂಟು," ಎಂದರು ಪೇಂಟಿಂಗ್, ಬಹಳ ಹೆಮ್ಮೆಯಿಂದ.

ಬೈದರು, ಆದರೆ ಉಜ್ಜಿ ತೆಗೆಯಲಿಲ್ಲ. ಆ ವರ್ಷ ಆಯುಧಪೂಜೆಯಲ್ಲಿ ಯಂತ್ರಗಳ ಸಾಲಿನಲ್ಲಿ ಅದೂ ನಿಂತಿತ್ತು, ತಂತಿಯಿಲ್ಲದೆ, ವಿಭೂತಿ ಪಟ್ಟೆ ಬಳಿಸಿಕೊಂಡು, ಕತ್ತಿಗೆ ಸೇವಂತಿಗೆ ಹಾರ ಹಾಕಿಸಿಕೊಂಡು. ಅವರು ಮಿರಿಮಿರಿ ಶರ್ಟು ಹಾಕಿಕೊಂಡು ಬಂದಿದ್ದರು. ಬೂದುಗುಂಬಳ ಒಡೆದಾಗ ಎಲ್ಲರೂ ಬೆಚ್ಚಿದರು, ಅವರು ಬೆಚ್ಚಲಿಲ್ಲ. ಕಿವಿ ಎಷ್ಟು ದೂರ ಹೋಗಿದೆ ಎಂದು ನನಗೆ ಅವತ್ತು ತಿಳಿಯಿತು.

ಎಲೆಕ್ಟ್ರಿಕ್ ಗಿಟಾರಿನ ಒಳಗೆ ಒಂದು ಕಿವಿ ಇರುತ್ತದೆ ಎಂದು ನನಗೆ ಹೇಳಿಕೊಟ್ಟವರು ಅವರೇ. ತಂತಿಗಳ ಕೆಳಗೆ ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ಸಾವಿರಾರು ಸುತ್ತು. ತಂತಿ ಅಲುಗಿದರೆ ಅದು ಕೇಳಿಸಿಕೊಂಡು ಸ್ಪೀಕರಿಗೆ ಹೇಳುತ್ತದೆ. ಅವರ ಕೈ ಹೆಬ್ಬೆರಳು ದಪ್ಪದ ತಾಮ್ರಕ್ಕೆ ಪಳಗಿದ ಕೈ. ಈ ತಾಮ್ರ ಉಸಿರು ಬಿಟ್ಟರೆ ತುಂಡಾಗುತ್ತಿತ್ತು. ಊಟದ ಹೊತ್ತಿನಲ್ಲಿ ಕಿಟಕಿ ಮುಚ್ಚಿ, ಫ್ಯಾನು ಆರಿಸಿ, ಬೆವರು ಸುರಿಸುತ್ತ, ಹಳೆಯ ಕೈಯಂತ್ರದ ಮುಂದೆ ಕೂತು ಸುತ್ತುತ್ತಿದ್ದರು. ತುಂಡಾದಾಗ ಬೈಗುಳವಿಲ್ಲ. ಮತ್ತೆ ಮೊದಲಿನಿಂದ.

"ನಂದು ಓಗ್ತಾ ಅದೆ. ಅದ್ಕೆ ಒಸಾದೊಂದು ಮಾಡ್ತಾ ಇವ್ನಿ," ಎಂದರು ಒಮ್ಮೆ, ತಲೆ ಎತ್ತದೆ. ಉತ್ತರ ಹೇಳಿದರೂ ಕೂಗಿ ಹೇಳಬೇಕಿತ್ತು, ಅಂಥ ಮಾತನ್ನು ಕೂಗಿ ಹೇಳಲು ಆಗುವುದಿಲ್ಲ.

ಆ ನಡುವೆ ತಮ್ಮ ಮಗಳ ಒತ್ತಾಯಕ್ಕೆ ಕಿವಿಗೆ ಹಾಕುವ ಯಂತ್ರವನ್ನು ತಂದಿದ್ದರು. ಹಾಕಿಕೊಂಡು ಕಾರ್ಖಾನೆಗೆ ಬಂದ ಮೊದಲ ದಿನ ಅರ್ಧ ಗಂಟೆ ಎಲ್ಲ ಕಡೆ ತಿರುಗಿ ನನ್ನ ಹತ್ತಿರ ಬಂದರು.

"ಇದೇನ್ ಮೇಡಂ ಗುಂಯ್ ಅಂತದಲ್ಲ? ಎಲ್ಲಿಂದ ಬತ್ತಾ ಅದೆ?"

ನಾನು ಕಿವಿಗೊಟ್ಟೆ. "ಏನೂ ಇಲ್ವಲ್ಲ."

ಸ್ಟೋರ್ಸನ್ನು ಕೇಳಿದರು, ಪೇಂಟಿಂಗನ್ನು ಕೇಳಿದರು. ಯಾರಿಗೂ ಏನೂ ಕೇಳಿಸುತ್ತಿರಲಿಲ್ಲ. "ಇದ್ರಲ್ಲಿ ಮಾತು ಕೇಳ್ಸಲ್ಲ, ಬರೀ ಕರೆಂಟೇ ಕೇಳ್ಸೋದು. ದುಡ್ಡು ದಂಡ," ಎಂದು ಆ ಯಂತ್ರವನ್ನು ಡ್ರಾಯರಿಗೆ ಎಸೆದರು. ಅದು ಅಲ್ಲೇ ಉಳಿಯಿತು. ನಾವೆಲ್ಲ ನಕ್ಕೆವು.

ಟ್ರಾನ್ಸ್‌ಫಾರ್ಮರಿಗೆ ಕರೆಂಟು ಕೊಟ್ಟರೆ ಗುಂಯ್‌ಗುಡುತ್ತದೆ, ಅದರ ಹುಟ್ಟುಗುಣ. ನನ್ನ ಕಟ್ಟೆಯ ಮೇಲೆ ದಿನವಿಡೀ ಒಂದಲ್ಲ ಒಂದು ಗುಂಯ್‌ಗುಡುತ್ತಲೇ ಇರುತ್ತದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ತಲೆನೋವು ಬರುತ್ತಿತ್ತು. ಆಮೇಲೆ ಯಾವಾಗಲೋ ಅದು ಕೇಳಿಸುವುದು ನಿಂತಿತು. ಕರೆಂಟು ಹೋದಾಗ ಮಾತ್ರ ಏನೋ ಕಳೆದುಹೋದಂತೆ ಎಲ್ಲರೂ ತಲೆ ಎತ್ತುತ್ತಿದ್ದೆವು. ಕಿವಿ ಯಂತ್ರ ಹಾಕಿಕೊಂಡ ಆ ಒಂದು ದಿನ, ನಮ್ಮೆಲ್ಲರಲ್ಲಿ ಸರಿಯಾಗಿ ಕೇಳಿಸಿದ್ದು ಅವರಿಗೊಬ್ಬರಿಗೇ.

ಗಿಟಾರು ಮುಗಿಯುವ ಹೊತ್ತಿಗೆ ಅವರಿಗೆ ಉಳಿದಿದ್ದದ್ದು ದವಡೆಯಲ್ಲಿ ತಿಳಿಯುವ ಅದುರು ಮಾತ್ರ. ಗಿಟಾರಿನ ಒಡಲಿನಿಂದ ಮೇಲೆ ಚಾಚಿದ ಕೊಂಬಿಗೆ ಗದ್ದ ಒತ್ತಿ, ಕಣ್ಣು ಮುಚ್ಚಿ, ತಂತಿ ಮೀಟುತ್ತಿದ್ದರು. ಕೇಳುವ ಆಸೆ ಅಲ್ಲಿಗೆ ಹೋಯಿತು. "ನಂಗ್ ಕೇಳ್ದಿದ್ರೆ ಬ್ಯಾಡ, ಜನಕ್ಕೆ ಕೇಳ್ಸಿದ್ರೆ ಸಾಕು. ನಮ್ಮವಳ್ಗೆ ಕೇಳ್ಸಿದ್ರೆ ಸಾಕು," ಎಂದರು. ರಾಜ್ಯೋತ್ಸವ ಹತ್ತಿರ ಬರುತ್ತಿತ್ತು. ಆರ್ಕೆಸ್ಟ್ರಾದ ಯಜಮಾನರು ಇನ್ನೂ ಇದ್ದರು, ಹಣ್ಣಾಗಿದ್ದರು. ಹೋಗಿ ಕೇಳಿದ್ದಕ್ಕೆ, ಹಳೆಯದೇನನ್ನೂ ನೆನಪಿಸಿಕೊಳ್ಳದೆ, ಮಧ್ಯದಲ್ಲಿ ಒಂದೇ ಒಂದು ಹಾಡು ಎಂದು ಒಪ್ಪಿದ್ದರು.

ಹಬ್ಬಕ್ಕೆ ವಾರವಿರುವಾಗ ಗಿಟಾರನ್ನು ನನ್ನ ಟೆಸ್ಟಿಂಗ್ ಕಟ್ಟೆಗೆ ತಂದರು. ಬೂದು ಮೈ, ಹೊಳೆಯುವ ತಂತಿ, ಒಂದು ಚಿಕ್ಕ ಸ್ಪೀಕರ್ ಪೆಟ್ಟಿಗೆ. ನಾವೆಲ್ಲ ಸುತ್ತ ನಿಂತೆವು. ಅದರ ಒಳಗಿನ ಕಿವಿಯದೊಂದು ದೋಷ ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ತಂತಿಯ ಜೊತೆಗೆ ಸುತ್ತಲಿನ ಕರೆಂಟನ್ನೂ ಅದು ಕೇಳಿಸಿಕೊಂಡುಬಿಡುತ್ತದೆ. ಹಾಗಾಗಬಾರದೆಂದು ಒಳಗೆಲ್ಲ ತಾಮ್ರದ ತಗಡು ಹೊದಿಸಿ ಬೆಸುಗೆ ಹಾಕಿದ್ದರು. ಬೆಸುಗೆ ಎಲ್ಲ ಕಡೆ ಹಿಡಿದಿದೆಯೇ ಎಂಬುದೇ ಈಗ ಪ್ರಶ್ನೆ. ನಾನು ಮೀಟರಿಗೆ ಕೈ ಹಾಕಿದೆ. ಅವರು ನನ್ನ ಕೈ ತಡೆದರು.

"ಮೀಟ್ರಿಗೆ ರಾಗ ಗೊತ್ತಾಗ್ತದಾ? ಕಿವಿಯಿಂದ ಕೇಳಿ ಯೋಳಿ."

ನುಡಿಸಿದರು. ಯಾವುದೋ ಹಳೆಯ ಹಾಡಿನ ಸಾಲು. ಬೆರಳು ಸ್ವಲ್ಪ ತಡವರಿಸಿತು, ಆಮೇಲೆ ದಾರಿ ಸಿಕ್ಕಿತು. ಸತ್ಯ ಹೇಳುತ್ತೇನೆ, ನನಗೆ ಕಣ್ಣು ತುಂಬಿತು. ಪೇಂಟಿಂಗ್ ಶಿಳ್ಳೆ ಹಾಕಿದರು. ಅವರು ಶಿಳ್ಳೆಯ ಕಡೆ ತಿರುಗಲಿಲ್ಲ. ತಂತಿಯ ಮೇಲೆ ಅಂಗೈ ಇಟ್ಟು ಸದ್ದು ನಿಲ್ಲಿಸಿ, ನನ್ನ ಬಾಯಿಯನ್ನೇ ನೋಡುತ್ತ ಕೇಳಿದರು.

"ಗುಂಯ್ ಅಂತದಾ?"

ಸ್ಪೀಕರಿನ ಹತ್ತಿರ ಬಗ್ಗಿ ಕೇಳಿದೆ. ಏನೂ ಇರಲಿಲ್ಲ. ತಲೆ ಅಲ್ಲಾಡಿಸಿದೆ.

"ಸರ್ಯಾಗ್ ಕೇಳಿ ಟೆಸ್ಟಿಂಗೂ."

ಮತ್ತೆ ಕೇಳಿದೆ. ಸ್ಟೋರ್ಸ್ ಕೇಳಿದರು, ಟೂಲ್ ರೂಮ್ ಕೇಳಿದರು. ಎಲ್ಲರೂ ಕ್ಲೀನ್ ಎಂದೆವು. ಯಾರೂ ಸುಳ್ಳು ಹೇಳಲಿಲ್ಲ. ನಮ್ಮ ಹಿಂದೆ ಕಟ್ಟೆಯ ಮೇಲೆ ಆಗ ಎರಡು ಟ್ರಾನ್ಸ್‌ಫಾರ್ಮರುಗಳು ಕರೆಂಟು ಕುಡಿಯುತ್ತ ನಿಂತಿದ್ದವು.

"ಅಂಗಾದ್ರೆ ಚೀಟಿ ಅಂಟ್ಸಿ," ಎಂದರು. ನಾನು ನಕ್ಕೆ. ಅವರು ನಗಲಿಲ್ಲ, ಗಿಟಾರನ್ನು ಮಗುಚಿ ಹಿಡಿದರು. ಸಹಿ ಹಾಕಿ ಹಸಿರು ಚೀಟಿಯನ್ನು ಅದರ ಬೆನ್ನಿಗೆ ಒತ್ತಿ ಅಂಟಿಸಿದೆ. ಆ ವಾರವೆಲ್ಲ ಅದನ್ನು ಕಂಡಕಂಡವರಿಗೆ ತೋರಿಸಿದರಂತೆ. ಟೀ ಅಂಗಡಿಯವನಿಗೂ ತೋರಿಸಿದ್ದಾರೆ. "ನಮ್ ಟೆಸ್ಟಿಂಗ್ ಮೇಡಂ ಪಾಸ್ ಮಾಡವ್ರೆ. ಅವ್ರು ದೇವ್ರನ್ನೂ ಫೇಲ್ ಮಾಡೋರು."

ರಾಜ್ಯೋತ್ಸವದ ಸಂಜೆ ನಾವು ಕಾರ್ಖಾನೆಯವರು ನಾಲ್ಕೈದು ಜನ ಹೋಗಿದ್ದೆವು. ಆಟೋಗಳಿಗೆಲ್ಲ ಬಾವುಟ ಕಟ್ಟಿದ್ದರು. ಅವರ ಹೆಂಡತಿ ಮುಂದಿನ ಸಾಲಿನಲ್ಲಿ ಕೂತಿದ್ದರು, ಹೊಸ ಸೀರೆಯಲ್ಲಿ. ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಸುತ್ತಲಿನ ಶೆಡ್ಡುಗಳಿಗೆಲ್ಲ ರಜೆ. ಲಗ್ಗೆರೆಯಲ್ಲಿ ಅಂಥ ಮೌನವನ್ನು ನಾನು ಕೇಳಿರಲಿಲ್ಲ.

ಅವರು ವೇದಿಕೆ ಹತ್ತಿದರು. ಮೀಸೆ ಕಡುಗಪ್ಪು. ಕೇಬಲ್ಲನ್ನು ಗಿಟಾರಿಗೆ ತಾವೇ ಸಿಕ್ಕಿಸಿಕೊಂಡರು. ಅದರ ಇನ್ನೊಂದು ತುದಿಯನ್ನು ಮೈಕಿನವನು ಹಿಂದಿನ ಪೆಟ್ಟಿಗೆಗೆ ಸಿಕ್ಕಿಸಿದ. ಅವರು ಗಿಟಾರಿನ ಕೊಂಬಿಗೆ ಗದ್ದ ಇಟ್ಟರು, ಕಣ್ಣು ಮುಚ್ಚಿದರು.

ಗುಂಯ್ ಎಂದಿತು. ಎರಡು ಆಳೆತ್ತರದ ಸ್ಪೀಕರುಗಳಿಂದ, ಆಟೋ ಸ್ಟ್ಯಾಂಡು ತುಂಬ. ನಮ್ಮ ಕಾರ್ಖಾನೆಯೇ ಎದ್ದು ವೇದಿಕೆಗೆ ಬಂದು ನಿಂತಂತಿತ್ತು. ಆ ಕ್ಷಣವೇ ನನಗೆ ಗುರುತು ಸಿಕ್ಕಿತು. ದಿನವೂ ಹತ್ತಿರ ಇಟ್ಟುಕೊಂಡು ಕೇಳಿಸಿಕೊಳ್ಳುವುದನ್ನೇ ಬಿಟ್ಟಿದ್ದ ಸದ್ದು ಅದು. ಸ್ಟೋರ್ಸ್ ನನ್ನ ಕಡೆ ನೋಡಿದರು. ಮಕ್ಕಳು ಕಿವಿ ಮುಚ್ಚಿಕೊಂಡರು, ಹಿಂದಿನಿಂದ ಯಾರೋ, "ಏಯ್, ಆಫ್ ಮಾಡೋ," ಎಂದು ಕೂಗಿದ. ಆ ಗುಂಯ್‌ಕಾರದ ಅಡಿಯಲ್ಲಿ ಗಿಟಾರಿನ ಸ್ವರಗಳು ನೊಣಗಳ ಹಾಗೆ ಓಡಾಡುತ್ತಿದ್ದವು. ನಾನು ಎದ್ದು ನಿಂತೆ. ನಿಂತು ಏನು ಮಾಡುವುದು? ಕೂಗಿದರೆ ಅವರಿಗೆ ಕೇಳಿಸುವುದಿಲ್ಲ.

ಮೈಕಿನವನು ಕೆಟ್ಟವನಲ್ಲ. ತನ್ನ ಕೆಲಸ ಮಾಡಿದ. ಹಿಂದಿನಿಂದ ಬಗ್ಗಿ ಬಂದು ಪೆಟ್ಟಿಗೆಯಿಂದ ಕೇಬಲ್ಲು ಕಿತ್ತು ನೆಲಕ್ಕೆ ಬಿಟ್ಟ. ಕೀಬೋರ್ಡಿನವನು ಅವನ ಕಣ್ಸನ್ನೆ ನೋಡಿ, ಗುಂಡಿ ಒತ್ತಿ ಗಿಟಾರಿನ ದನಿ ಹಾಕಿ ಅದೇ ಹಾಡನ್ನು ಎತ್ತಿಕೊಂಡ. ಚೆನ್ನಾಗಿಯೇ ನುಡಿಸಿದ. ಜನ ಸಮಾಧಾನವಾದರು, ಕೊನೆಯ ಸಾಲಿಗೆ ಚಪ್ಪಾಳೆ ಹಾಕಿ ಜೊತೆಗೂಡಿದರು. ಅಷ್ಟು ಹೊತ್ತೂ ಅವರು ಕಣ್ಣು ಮುಚ್ಚಿಕೊಂಡು, ಬೆವರುತ್ತ, ಒಂದು ಸ್ವರವನ್ನೂ ಬಿಡದೆ ನುಡಿಸುತ್ತಿದ್ದರು. ಪಕ್ಕದಲ್ಲಿ ಅವರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮುಗಿಯಿತು. ಕಣ್ಣು ತೆರೆದರು. ಜನರ ಕೈಗಳನ್ನು ನೋಡಿ ಕೈಮುಗಿದರು. ಆ ಮುಖದ ಸಂತೋಷವನ್ನು ನಾನು ಇಲ್ಲಿ ಬರೆಯಲಾರೆ. ಆಮೇಲೆ ಗಿಟಾರಿನಿಂದ ಕೇಬಲ್ಲು ಬಿಚ್ಚಿ ಎಳೆದುಕೊಂಡರು. ಅದು ಪೆಟ್ಟಿಗೆಗೆ ಬಿಗಿದು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಹಗುರಾಗಿ ಬಂತು, ಬರುತ್ತಲೇ ಇತ್ತು, ಕೊನೆಗೆ ಇನ್ನೊಂದು ತುದಿಯೂ ಕಾಲ ಹತ್ತಿರ ಬಂದು ಬಿತ್ತು.

ಅವರು ಅದನ್ನು ನೋಡಿದರು. ಪೆಟ್ಟಿಗೆಯ ಕಡೆ ನೋಡಿದರು. ಕೀಬೋರ್ಡಿನವನ ಕೈ ನೋಡಿದರು. ಆಮೇಲೆ ಬಗ್ಗಿ ಕೇಬಲ್ಲು ಎತ್ತಿಕೊಂಡು, ನಮ್ಮ ಕಾರ್ಖಾನೆಯ ರೀತಿಯಲ್ಲಿ, ಅಂಗೈಯಿಂದ ಮೊಣಕೈಗೆ, ಮೊಣಕೈಯಿಂದ ಅಂಗೈಗೆ, ಒಂದರ ಮೇಲೊಂದು ಬೀಳದಂತೆ ಸುತ್ತಿದರು. ತುದಿ ಸಿಕ್ಕಿಸಿ ಪೆಟ್ಟಿಗೆಯ ಮೇಲಿಟ್ಟರು. ಗಿಟಾರು ಹಿಡಿದು ಮುಂದಿನ ಮೆಟ್ಟಿಲಿಳಿದು, ಜನರ ನಡುವೆ, ನಮ್ಮ ಪಕ್ಕದಲ್ಲೇ ಹಾದು ಹೋದರು. ನನ್ನ ಕಡೆ ನೋಡಲಿಲ್ಲ.

ಸೋಮವಾರ ಕೆಲಸಕ್ಕೆ ಬಂದರು. ನಾನು ಹತ್ತಿರ ಹೋದೆ. ಬಾಯಿ ತೆರೆಯುವ ಮೊದಲೇ ಕಿವಿ ತೋರಿಸಿ ಕೈ ಆಡಿಸಿದರು, ಕೇಳಿಸುವುದಿಲ್ಲ ಎಂದು. ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಿದ್ದವರು ನನ್ನ ತುಟಿ ನೋಡುವುದನ್ನು ಬಿಟ್ಟರು. ಈ ಸಲ ಎರಡು ದಿನದಲ್ಲಿ ಮುಗಿಯಲಿಲ್ಲ. ಬಿಸ್ಕತ್ತು ಬರಲಿಲ್ಲ. ಟೀ ಲೋಟವನ್ನು ನೋಡುವುದೇ ನನಗೆ ಒಂದು ಚಟವಾಯಿತು. ಬೇಸಿಗೆಯಲ್ಲಿ ನಿವೃತ್ತರಾದರು. ಹಾರ, ಶಾಲು, ಒಂದು ಗೋಡೆ ಗಡಿಯಾರ ಕೊಟ್ಟೆವು. ಮಾತಾಡಿ ಎಂದಾಗ ಎದ್ದು ನಿಂತು ಎಲ್ಲರಿಗೂ ಒಮ್ಮೆ ಕೈಮುಗಿದು ಕೂತರು.

ಅವತ್ತಿನಿಂದ ನನಗೆ ಆ ಸದ್ದು ಕೇಳಿಸುತ್ತಿದೆ. ಕಟ್ಟೆಯ ಹತ್ತಿರ ನಿಂತಾಗ ಮಾತ್ರವಲ್ಲ, ಮನೆಯಲ್ಲಿ ಫ್ರಿಜ್ಜಿನಲ್ಲಿ, ಲಿಫ್ಟಿನಲ್ಲಿ, ರಸ್ತೆಯ ಕಂಬದ ಕೆಳಗೆ. ಕೆಲಸಕ್ಕೆ ಸೇರಿದ ಹೊಸತರ ಆ ತಲೆನೋವು ನನಗೆ ಮತ್ತೆ ಬಂದಿದೆ. ಡಾಕ್ಟರು ಕಿವಿ ನೋಡಿ, "ಪರ್ಫೆಕ್ಟಾಗಿದೆ ಮೇಡಂ," ಎಂದರು.

ಸ್ಟೋರ್ಸ್ ಸುದ್ದಿ ತಂದ ಮೇಲೆ, ಕಾರ್ಯಗಳೆಲ್ಲ ಮುಗಿದ ಒಂದು ಮಧ್ಯಾಹ್ನ, ಲಗ್ಗೆರೆಯ ಅವರ ಮನೆಗೆ ಹೋದೆ. ಹೆಂಡತಿ ಒಬ್ಬರೇ ಇದ್ದರು. ಫೋಟೋದಲ್ಲೂ ಮೀಸೆ ಕಪ್ಪಗಿತ್ತು. ಅದರ ಕೆಳಗೆ ಗೋಡೆಗೆ ಗಿಟಾರು ಒರಗಿಸಿದ್ದರು. ತಂತಿಗಳು ತುಕ್ಕು ಹಿಡಿದಿದ್ದವು. ಬೂದು ಬಣ್ಣ ಮಾತ್ರ, ಪೇಂಟಿಂಗ್ ಹೇಳಿದಂತೆ, ಹೊಸದರ ಹಾಗೆಯೇ ಇತ್ತು.

"ಆವತ್ತೇ ಕೊನೆ ಕಣಮ್ಮ. ಮತ್ತೆ ಮುಟ್ಲಿಲ್ಲ," ಎಂದರು. "ಎಷ್ಟ್ ಚೆನ್ನಾಗಿ ಬಾರ್ಸಿದ್ರು! ನಾನು ದಿನಾ ಯೋಳೋಳು, ಎಲ್ಲಾರ್ಗೂ ಕೇಳ್ಸ್ತು, ನಂಗೂ ಕೇಳ್ಸ್ತು, ಬೋ ಚೆನ್ನಾಗಿತ್ತು ಅಂತ. ಅವ್ರು ಆ ಕಡೆ ತಿರುಗ್ಕೊಂಡು ಮಲಗ್ಬುಡೋರು." ಕಾಫಿ ತರುತ್ತೇನೆಂದು ಒಳಗೆ ಹೋದರು.

ನಾನು ಗಿಟಾರನ್ನು ಮಗುಚಿದೆ. ಹಸಿರು ಚೀಟಿ ಹಾಗೇ ಇತ್ತು, ನನ್ನ ಸಹಿ ಸಮೇತ. ಅದನ್ನು ಅಲ್ಲಿ ಬಿಟ್ಟು ಬರಲು ನನ್ನಿಂದ ಆಗಲಿಲ್ಲ. ಉಗುರು ಹಾಕಿ ಕೆರೆದೆ. ಮಳೆ ಗಾಳಿಗೆ ಬಿಡಬಾರದೆಂದು ನಾವೇ ಆರಿಸಿ ತರಿಸಿದ ಗೋಂದು, ಬಿಡಲಿಲ್ಲ. ಅಂಚಿನ ಉದ್ದಕ್ಕೂ ಬೂದು ಬಣ್ಣದ ಮೇಲೆ ಗೀರುಗಳಿದ್ದವು. ನನ್ನ ಉಗುರಿನದಲ್ಲ, ಹಳೆಯವು.

ಹೆಂಡತಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಬಿಡಮ್ಮ, ಅದು ಬರಕಿಲ್ಲ. ಅವ್ರೂ ಕೂತ್ಕೊಂಡು ಕೆರೀತಿದ್ರು."

ಲೋಟವನ್ನು ನನ್ನ ಮುಂದಿಟ್ಟರು. ತಟ್ಟೆಯಲ್ಲಿ ಒಂದು ಬಿಸ್ಕತ್ತಿತ್ತು. ನಾನು ಅದನ್ನು ಮುಟ್ಟಲಿಲ್ಲ.